ಕೋಟೆಬೆಟ್ಟದಿಂದ ಹಾರಬಹುದಾ? ಪ್ಯಾರಾಗ್ಲೈಡಿಂಗ್ ಕಲಿಯೋ ಆಸೆ, ಗೊತ್ತಿದ್ದವರು ಹೇಳಿ

ಮಳೆಗಾಲದಹಕ್ಕಿ | ಆಗಸ್ಟ್ 9, ಸಂಜೆ 6:40

ಎಲ್ಲರಿಗೂ ನಮಸ್ಕಾರ. ಕೊಡಗಿನ ಮಾದಾಪುರ ಕಡೆಯವನು, ಮನೆ ತೋಟ ನೋಡಿಕೊಳ್ಳುತ್ತೇನೆ. ವಯಸ್ಸು 31, ತೂಕ 72 ಕೆ.ಜಿ. ಮೂರು ವಾರದಿಂದ ಬಿಸಿಲು ಕಂಡಿಲ್ಲ, ಎರಡು ದಿನದಿಂದ ಕರೆಂಟೂ ಇಲ್ಲ. ಜೀಪಿನಲ್ಲಿ ಕೂತು ಮೊಬೈಲ್ ಚಾರ್ಜ್ ಮಾಡಿಕೊಳ್ಳುತ್ತಾ ಇದನ್ನು ಬರೆಯುತ್ತಿದ್ದೇನೆ. ತಲೆಗೆ ಬಂದದ್ದೆಲ್ಲ ಬರೆದರೆ ಬೈಯಬೇಡಿ.

ಕಳೆದ ವರ್ಷ ದಸರಾ ಮುಗಿಸಿಕೊಂಡು ಗೆಳೆಯರ ಜೊತೆ ಹಿಮಾಚಲಕ್ಕೆ ಹೋಗಿದ್ದೆ. ಬೀರ್‌ನಲ್ಲಿ ಟ್ಯಾಂಡೆಮ್ ಹಾರಾಟ. ಪೈಲಟ್ ಹಿಂದೆ, ನಾನು ಮುಂದೆ, 20 ನಿಮಿಷ. ಕೆಳಗೆ ಬಂದ ಮೇಲೆ ಗೆಳೆಯರೆಲ್ಲ ಮೋಮೋ ತಿನ್ನೋಕೆ ಹೋದರು. ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಬೇರೆಯವರು ಇಳಿಯೋದನ್ನು ನೋಡುತ್ತಾ ಮಧ್ಯಾಹ್ನ ಕಳೆದೆ. ಅವತ್ತಿನಿಂದ ತೋಟದಲ್ಲಿ ನಡೆಯುವಾಗಲೂ ಕಣ್ಣು ಮೇಲೇ ಇರುತ್ತದೆ. ಮೊನ್ನೆ ಹಾಗೇ ನಡೆದು ಚರಂಡಿಗೆ ಬಿದ್ದೆ.

ಈಗ ಒಬ್ಬನೇ ಹಾರೋದು ಕಲಿಯಬೇಕು. ನಮ್ಮ ಜಿಲ್ಲೆಯಲ್ಲಿ ಇಷ್ಟು ಬೆಟ್ಟ, ಇಷ್ಟು ಗಾಳಿ. ಕೋಟೆಬೆಟ್ಟದಿಂದ ಹಾರಿ ನಮ್ಮೂರಲ್ಲಿ ಇಳಿಯಬೇಕು ಅನ್ನೋದು ನನ್ನ ಕನಸು. ಇಲ್ಲಿ ಕಲಿಸೋರು ಯಾರಾದರೂ ಇದ್ದಾರಾ? ಇಲ್ಲ ಅಂದರೆ ಒಂದು ಹಳೇ ವಿಂಗ್ (ಹಾರೋ ಬಟ್ಟೆ ರೆಕ್ಕೆ) ಮಾರಾಟಕ್ಕೆ ಬಂದಿದೆ, ರೇಟ್ ಕಡಿಮೆ. ತಗೊಂಡು ವಿಡಿಯೋ ನೋಡಿ ಮೆಲ್ಲಗೆ ಕಲಿಯಬಹುದಾ?

ಕೊಡಗು ಎಕ್ಸ್‌ಪ್ರೆಸ್ | ಆಗಸ್ಟ್ 9, ಸಂಜೆ 7:05

ಈ ಗಾಳಿಮಳೆಗೆ ಛತ್ರಿ ಹಿಡಿದು ಅಂಗಳಕ್ಕೆ ಬಾ ಮಾರಾಯ. ಕೋರ್ಸೂ ಬೇಡ, ಫೀಸೂ ಬೇಡ.

(ನನ್ನ ಹೆಸರು ನೋಡಿ ರೈಲಿನ ಟೈಮ್ ಕೇಳಬೇಡಿ. ಜಿಲ್ಲೆಗೆ ರೈಲು ಬಂದ ದಿನ ಹೆಸರು ಬದಲಿಸುತ್ತೇನೆ.)

ಕಾಫಿಕಣ | ಆಗಸ್ಟ್ 9, ರಾತ್ರಿ 8:12

ಹಾರೋದು ಇರಲಿ. ಎಲ್ಲಿ ಇಳೀತೀಯಪ್ಪಾ?

ಮಳೆಗಾಲದಹಕ್ಕಿ | ಆಗಸ್ಟ್ 9, ರಾತ್ರಿ 8:20

ಗದ್ದೆಯಲ್ಲಿ ಅಂಕಲ್.

ಕಾಫಿಕಣ | ಆಗಸ್ಟ್ 9, ರಾತ್ರಿ 8:51

ಅಂಕಲ್ ಅಲ್ಲ, ಆಂಟಿ. ಮೊಮ್ಮಕ್ಕಳಿದ್ದಾರೆ, ಅಜ್ಜಿ ಅಂದರೂ ಪರವಾಗಿಲ್ಲ.

ಯಾವ ಗದ್ದೆ ಅಂತ ಕೇಳಿದ್ದು ನಾನು. ನಾಪೋಕ್ಲು ಕಡೆ ನಮ್ಮ ಮನೆ. ನಾನು ಮದುವೆಯಾಗಿ ಬಂದಾಗ ಜಗಲಿಯಲ್ಲಿ ನಿಂತರೆ ಹೊಳೆಯವರೆಗೂ ಬರೀ ಭತ್ತ. ಈಗ ಅದರಲ್ಲಿ ಒಂದಿಷ್ಟು ಅಡಿಕೆ, ಒಂದಿಷ್ಟು ಬಾಳೆ, ಒಬ್ಬರು ಶುಂಠಿಗೆ ಕೊಟ್ಟಿದ್ದಾರೆ. ಉಳಿದದ್ದು ಪಾಳು ಬಿದ್ದು ಆಳೆತ್ತರ ಹುಲ್ಲು. ನಮ್ಮದೊಂದು ಒಂದೂವರೆ ಎಕರೆ, ಪಕ್ಕದವರದ್ದು ಸ್ವಲ್ಪ, ಅಷ್ಟೇ ಗದ್ದೆಯಾಗಿ ಉಳಿದಿರೋದು. ಅದರಲ್ಲೂ ಈಗ ನಾಟಿ ಆಗಿದೆ, ಮೊಣಕಾಲು ಮಟ್ಟ ಕೆಸರು. ಬೆಟ್ಟದ ಮೇಲಿಂದ ನೋಡಿದರೆ ಎಲ್ಲ ಹಸಿರೇ. ಆ ಹಸಿರಿನಲ್ಲಿ ಯಾವುದು ಮರದ ತಲೆ, ಯಾವುದು ನೆಲ ಅಂತ ಗೊತ್ತಾಗೋದು ಹತ್ತಿರ ಬಂದ ಮೇಲೆ.

ಗಾಳಿಮಾತು | ಆಗಸ್ಟ್ 10, ಬೆಳಿಗ್ಗೆ 7:30

ಅಜ್ಜಿ ಕೇಳಿದ ಪ್ರಶ್ನೆಯನ್ನೇ ನನ್ನ ಇನ್‌ಸ್ಟ್ರಕ್ಟರ್ ಮೊದಲ ದಿನ ಕೇಳಿದ್ದರು. ನಾನೂ ಉತ್ತರ ಗೊತ್ತಿಲ್ಲದೆ ನಿಂತಿದ್ದೆ. ಹುಟ್ಟಿದ್ದು ಮಡಿಕೇರಿ, ಕೆಲಸ ಪುಣೆಯಲ್ಲಿ, ಒಂಬತ್ತು ವರ್ಷದಿಂದ ಹಾರುತ್ತಿದ್ದೇನೆ. ಹೆಸರು ಗಾಳಿಮಾತು ಆದರೂ ಹೇಳೋದು ನಿಜ.

ಮೊದಲು ಆ ಹಳೇ ವಿಂಗ್. ಬೇಡ. ವಿಂಗ್ ಅಂದರೆ ನೈಲಾನ್ ಬಟ್ಟೆ. ಬಿಸಿಲಿಗೆ ಹಾಳಾಗುತ್ತದೆ, ತೇವಕ್ಕೆ ಹಾಳಾಗುತ್ತದೆ. ಹೊರಗಿನಿಂದ ಫಳಫಳ ಅಂತಿದ್ದರೂ ಬಟ್ಟೆಯ ಮೂಲಕ ಗಾಳಿ ಸೋರುತ್ತಿರಬಹುದು. ದಾರಗಳು ಒಂದೊಂದು ಕಡೆ ಕುಗ್ಗಿ ವಿಂಗಿನ ಆಕಾರವೇ ಬದಲಾಗಿರಬಹುದು. ಅದನ್ನು ಅಳೆದು ಪರೀಕ್ಷೆ ಮಾಡೋಕೆ ಸಲಕರಣೆ ಬೇಕು, ಕೈಯಲ್ಲಿ ಮುಟ್ಟಿ ನೋಡಿದರೆ ತಿಳಿಯಲ್ಲ. ಇನ್ನೊಂದು ವಿಷಯ: ಆ ವಿಂಗ್ ಯಾವ ದರ್ಜೆಯದು ಅಂತ ಮಾರೋನು ಹೇಳಿದ್ದಾನಾ? ಯುರೋಪಿನ ಸುರಕ್ಷತಾ ಪರೀಕ್ಷೆಯ ಪ್ರಕಾರ ಇಎನ್-ಎ ಇಂದ ಇಎನ್-ಡಿ ತನಕ ನಾಲ್ಕು ದರ್ಜೆ. ಎ ಕಲಿಯೋರಿಗೆ. ನೀವು ತಪ್ಪು ಮಾಡಿದರೂ ಅದು ಹೆಚ್ಚಿನ ಸಲ ತಾನೇ ಸರಿಮಾಡಿಕೊಳ್ಳುತ್ತದೆ. ಡಿ ಸ್ಪರ್ಧೆಗೆ ಹೋಗೋರಿಗೆ, ಅದಕ್ಕೆ ಕ್ಷಮೆ ಗಿಮೆ ಗೊತ್ತಿಲ್ಲ. ನಿಮ್ಮ ತೂಕ, ಜೊತೆಗೆ ಸಾಮಾನಿನ ತೂಕ, ಎರಡೂ ಸೇರಿ ವಿಂಗಿನ ಅಳತೆಗೆ ಹೊಂದಬೇಕು. ರೇಟ್ ಕಡಿಮೆ ಅಂತ ಅಂಗಿ ತಗೊಂಡ ಹಾಗಲ್ಲ ಇದು.

ಈಗ ಇಳಿಯೋ ಲೆಕ್ಕ. ಕಲಿಯುವವರ ವಿಂಗ್ ನಿಂತ ಗಾಳಿಯಲ್ಲಿ ಗಂಟೆಗೆ ಸುಮಾರು 36 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಅಂದರೆ ಸೆಕೆಂಡಿಗೆ 10 ಮೀಟರ್. ಅದೇ ಹೊತ್ತಿಗೆ ಸೆಕೆಂಡಿಗೆ ಒಂದೂಕಾಲು ಮೀಟರಿನಷ್ಟು ಕೆಳಗೂ ಇಳಿಯುತ್ತಿರುತ್ತದೆ. ಒಂದು ಮೀಟರ್ ಇಳಿಯೋದರಲ್ಲಿ 8 ಮೀಟರ್ ಮುಂದೆ. ಬೆಟ್ಟದ ತುದಿ ಗದ್ದೆಗಿಂತ 500 ಮೀಟರ್ ಎತ್ತರ ಇದ್ದರೆ 4 ಕಿ.ಮೀ. ಹೋಗಬಹುದು, ಕಾಗದದ ಮೇಲೆ. ಈಗ ಎದುರಿನಿಂದ ಗಂಟೆಗೆ 18 ಕಿ.ಮೀ. ಗಾಳಿ ಬಂತು ಅಂದುಕೊಳ್ಳಿ. 18 ಅಂದರೆ ಮುಖಕ್ಕೆ ಹಿತವಾಗಿ ಬಡಿಯೋ ಗಾಳಿ, ಅಂಥಾ ಜೋರೇನಲ್ಲ. ನೆಲದ ಮೇಲೆ ನಿಮ್ಮ ವೇಗ ಅರ್ಧ ಆಯ್ತು. ಇಳಿಯೋ ವೇಗ ಮಾತ್ರ ಅಷ್ಟೇ ಇದೆ. 4 ಕಿ.ಮೀ. ಹೋಗಬೇಕಾದವರು 2 ಕಿ.ಮೀ.ನಲ್ಲೇ ನೆಲ ಮುಟ್ಟುತ್ತೀರಿ. ನಮ್ಮಲ್ಲಿ ಆ 2 ಕಿ.ಮೀ. ಹತ್ತಿರ ಏನಿರುತ್ತದೆ? ಸಿಲ್ವರ್ ಓಕ್.

ಕಲಿಯೋಕೆ ನಿಮಗೆ ಹತ್ತಿರ ಅಂದರೆ ಕಾಮ್ಶೇತ್. ಲೋನಾವಳ-ಪುಣೆ ನಡುವೆ, ಪುಣೆಯಿಂದ ಲೋಕಲ್ ರೈಲು ನಿಲ್ಲುತ್ತದೆ. ಅಲ್ಲಿನ ಗುಡ್ಡಗಳು ಬೋಳು, ಕೆಳಗೆ ಅಗಲ ಬಯಲು. ಬಿದ್ದರೂ ಹುಲ್ಲಿನ ಮೇಲೆ. ಅಕ್ಟೋಬರ್ ಕೊನೆಯಿಂದ ಶುರು. ಅದೂ ಪಶ್ಚಿಮ ಘಟ್ಟವೇ, ಹೊರದೇಶಕ್ಕೆ ಹೋದ ಹಾಗೆ ಅನಿಸಲ್ಲ.

ಕೊಡಗು ಎಕ್ಸ್‌ಪ್ರೆಸ್ | ಆಗಸ್ಟ್ 10, ಬೆಳಿಗ್ಗೆ 9:00

ಪೊನ್ನಂಪೇಟೆ ಕಡೆ ಹಿಂದೆ ಹಾರಿಸುತ್ತಿದ್ದರಲ್ಲ? ಇಂಜಿನ್ ಇರೋದು. ಅದೂ ಇದೂ ಒಂದೇ ಅಲ್ವಾ?

ಗಾಳಿಮಾತು | ಆಗಸ್ಟ್ 10, ಬೆಳಿಗ್ಗೆ 9:25

ಅಲ್ಲ. ಅದು ಮೈಕ್ರೋಲೈಟ್, ಪುಟಾಣಿ ವಿಮಾನ, ಗಾಲಿ ಇದೆ, ಇಂಜಿನ್ ಇದೆ. ಬೆನ್ನಿಗೆ ಫ್ಯಾನ್ ಕಟ್ಟಿಕೊಂಡು ಹಾರೋದು ಪ್ಯಾರಾಮೋಟರ್. ಪ್ಯಾರಾಗ್ಲೈಡಿಂಗ್‌ನಲ್ಲಿ ಇಂಜಿನ್ನೇ ಇಲ್ಲ. ಮೇಲಕ್ಕೆ ಹೋಗಬೇಕಾದರೆ ಗಾಳಿಯೇ ಎತ್ತಬೇಕು. ದೋಣಿಯಲ್ಲಿ ಎಳೆದುಕೊಂಡು ಹೋಗುತ್ತಾರಲ್ಲ, ಅದು ಪ್ಯಾರಾಸೇಲಿಂಗ್, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಈ ಆಟ ಶುರುವಾಗಿದ್ದೇ ದುಡ್ಡು ಉಳಿಸೋಕೆ. 1978ರಲ್ಲಿ ಫ್ರಾನ್ಸಿನ ಮಿಯುಸಿ ಅನ್ನೋ ಊರಲ್ಲಿ ಮೂವರು ಸ್ಕೈಡೈವರ್‌ಗಳು, ಪ್ರತಿ ಸಲ ವಿಮಾನಕ್ಕೆ ದುಡ್ಡು ಕೊಡೋದು ಯಾಕೆ ಅಂತ, ತಮ್ಮ ಚೌಕಾಕಾರದ ಪ್ಯಾರಾಶೂಟ್ ಬಿಚ್ಚಿಕೊಂಡು ಬೆಟ್ಟದಿಂದ ಓಡಿ ಹಾರಿದರು. ಜಿಪುಣತನದಿಂದಲೂ ಒಳ್ಳೇದಾಗುತ್ತದೆ ನೋಡಿ.

ಲೈನ್‌ಮನ್ ನಿವೃತ್ತ | ಆಗಸ್ಟ್ 10, ರಾತ್ರಿ 9:40

ಹಾರೋದರ ಬಗ್ಗೆ ನನಗೆ ಏನೂ ಗೊತ್ತಿಲ್ಲ. ತಂತಿ ಬಗ್ಗೆ ಗೊತ್ತು. 34 ವರ್ಷ ಕಂಬ ಹತ್ತಿದ್ದೇನೆ. ಅದಕ್ಕೆ ಬರೀತಿದ್ದೇನೆ.

ತೋಟದೊಳಗೆ 11 ಕೆವಿ ಲೈನ್ ಹೋಗಿರುತ್ತದೆ. ಹಸಿರು ಮರಗಳ ಮೇಲೆ ಮೇಲಿನಿಂದ ನೋಡಿದರೆ ತಂತಿ ಕಾಣೋದೇ ಇಲ್ಲ. ಕೆಳಗಿಂದಲೇ ಎಷ್ಟೋ ಸಲ ಕಾಣಲ್ಲ. ತಂತಿ ಹುಡುಕಬೇಡ, ಕಂಬ ಹುಡುಕು. ಎರಡು ಕಂಬ ಕಂಡರೆ ಅವುಗಳ ನಡುವೆ ತಂತಿ ಇದೆ ಅಂತಲೇ ಲೆಕ್ಕ. ಮರಗಳ ನಡುವೆ ನೇರವಾಗಿ ಕತ್ತರಿಸಿದ ಹಾಗೆ ದಾರಿ ಕಂಡರೆ, ಜೀಪ್ ರಸ್ತೆ ಅಂದುಕೊಂಡು ಅಲ್ಲಿ ಇಳಿಯೋಕೆ ಹೋಗಬೇಡ. ಅದು ಲೈನ್ ಹೋಗೋಕೆ ನಾವೇ ಕೊಂಬೆ ಕಡಿದ ಜಾಗ ಇರುತ್ತದೆ.

ಮೆಣಸು ಕೊಯ್ಯೋ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಸತ್ತವರ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ಹಾಗಾಗಿ ಬಟ್ಟೆ ತಂತಿಗೆ ಸಿಕ್ಕಿಕೊಂಡರೆ ಯಾರೂ ಏಣಿ ತಂದು ಬಿಡಿಸೋಕೆ ಹೋಗಬಾರದು. ಕರೆಂಟ್ ಹೋಗಿದೆ ಅಂತ ಕಂಡರೂ ಮುಟ್ಟಬಾರದು, ತಿರುಗಿ ಬರುತ್ತದೆ. 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಮಾಡಿಸಿ, ಲೈನ್‌ಮನ್ ಬಂದು ಹೇಳಿದ ಮೇಲೆಯೇ.

ಮಳೆಗಾಲದಹಕ್ಕಿ | ಆಗಸ್ಟ್ 10, ರಾತ್ರಿ 10:15

ಸರ್, ಇದನ್ನು ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ. ವಿಂಗ್ ಮಾರೋನಿಗೆ ಬೇಡ ಅಂದುಬಿಟ್ಟೆ. ದರ್ಜೆ ಕೇಳಿದ್ದಕ್ಕೆ ‘ಒಳ್ಳೇ ದರ್ಜೆ’ ಅಂದ.

ಬೆಟ್ಟದಕ್ಕ | ಆಗಸ್ಟ್ 12, ಮಧ್ಯಾಹ್ನ 2:10

ವಿರಾಜಪೇಟೆಯವಳು. ನಾಲ್ಕು ವರ್ಷದ ಹಿಂದೆ ಬೀರ್‌ನಲ್ಲಿ ಕಲಿತೆ. ಎರಡು ಮಾತು ನನ್ನದೂ ಇರಲಿ, ಒಂದು ಬೈಗುಳ, ಒಂದು ತಪ್ಪೊಪ್ಪಿಗೆ.

ಬೈಗುಳ ಮೊದಲು. ನಾನು ಮೊದಲು ದುಡ್ಡು ಕಟ್ಟಿದ ಕಡೆ (ಹೆಸರು ಬೇಡ, ಬೀರ್ ಅಲ್ಲ, ಬೇರೆ ರಾಜ್ಯ) ಎರಡನೇ ದಿನಕ್ಕೇ ನನ್ನನ್ನು ಗುಡ್ಡದ ತುದಿಗೆ ಕರೆದುಕೊಂಡು ಹೋದರು. ಗ್ರೌಂಡ್ ಹ್ಯಾಂಡ್ಲಿಂಗ್ (ನೆಲದ ಮೇಲೆ ನಿಂತೇ ವಿಂಗ್ ಆಡಿಸಿ ಕಲಿಯೋದು) ಮಾಡಿದ್ದು ಒಟ್ಟು ಒಂದು ಗಂಟೆ. ರೇಡಿಯೋ ಕೊಟ್ಟರು, ಬ್ಯಾಟರಿ ಅರ್ಧ. ರಿಸರ್ವ್ ಪ್ಯಾರಾಶೂಟ್ (ವಿಂಗ್ ಕೈಕೊಟ್ಟರೆ ಎಸೆಯೋದು) ಕಡೆಯದಾಗಿ ಯಾವಾಗ ಬಿಚ್ಚಿ ಮಡಚಿದ್ದು ಅಂತ ಕೇಳಿದೆ. ‘ಅದು ಬೇಕಾಗಲ್ಲ ಮೇಡಂ’ ಅಂದರು. ಬ್ಯಾಗ್ ಕೆಳಗಿಟ್ಟು ನಡೆದು ಬಂದೆ. ದುಡ್ಡು ವಾಪಸ್ ಬರಲಿಲ್ಲ. ಆ ದುಡ್ಡಿಗೆ ಬೇಜಾರಿಲ್ಲ.

ಆಮೇಲೆ ಬೀರ್. ಹೊರಡೋ ಜಾಗ ಬಿಲ್ಲಿಂಗ್ ಸುಮಾರು 2,400 ಮೀಟರ್ ಎತ್ತರದಲ್ಲಿದೆ, ಇಳಿಯೋ ಜಾಗ ಅದಕ್ಕಿಂತ ಸುಮಾರು ಒಂದು ಸಾವಿರ ಮೀಟರ್ ಕೆಳಗೆ. 2015ರಲ್ಲಿ ವಿಶ್ವಕಪ್ ನಡೆದ ಜಾಗ. ಹಿಂದೆ ಧೌಲಾಧಾರ್ ಬೆಟ್ಟಸಾಲು. ಅಲ್ಲಿ ಇಳಿಯೋಕೆ ಜಾಗ ಬಿಟ್ಟಿದ್ದಾರೆ, ಗಾಳಿಯ ದಿಕ್ಕು ತೋರಿಸೋ ಗಾಳಿಚೀಲ ಕಟ್ಟಿದ್ದಾರೆ, ಮಳೆಗಾಲದಲ್ಲಿ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಸರ್ಕಾರವೇ ಹಾರಾಟ ನಿಲ್ಲಿಸುತ್ತದೆ. ಆದರೆ ಕಲಿಯೋರು ಮೊದಲು ಹಾರೋದು ಬಿಲ್ಲಿಂಗ್‌ನಿಂದ ಅಲ್ಲ. ನಾನು ಮೊದಲ ನಾಲ್ಕು ದಿನ ನಿಂತಿದ್ದು ನಮ್ಮ ಶಾಲೆ ಹಿಂದಿನ ದಿಬ್ಬದಂಥ ಒಂದು ಇಳಿಜಾರಿನಲ್ಲಿ.

ಈಗ ತಪ್ಪೊಪ್ಪಿಗೆ. ಒಂಟಿಯಾಗಿ ಹಾರಿದ ಹನ್ನೊಂದನೇ ಸಲ. ಎಲ್ಲ ಚೆನ್ನಾಗಿತ್ತು. ಇಳಿಯೋ ಜಾಗದ ಮೇಲೆ ಬಂದಾಗ ಗಾಳಿಚೀಲ ದಿಕ್ಕು ಬದಲಿಸಿತ್ತು. ನಾನು ನೋಡಿದ್ದು ತಡವಾಗಿ. ಮರದೆತ್ತರಕ್ಕಿಂತ ಕೆಳಗೆ ಬಂದಿದ್ದೆ. ಅಷ್ಟು ಕೆಳಗೆ ಬಂದ ಮೇಲೆ ತಿರುಗಬಾರದು, ಗಾಳಿ ಬೆನ್ನಿಗಿದ್ದರೂ ನೇರ ಹೋಗಿ ಓಡಿ ಇಳಿಯಬೇಕು. ನನಗೆ ಅದು ಬಾಯಿಪಾಠ ಬರುತ್ತಿತ್ತು. ಆದರೂ ಕೈ ಬಲಗಡೆ ಬ್ರೇಕ್ (ತಿರುಗಿಸೋಕೂ ವೇಗ ತಗ್ಗಿಸೋಕೂ ಎಳೆಯೋ ದಾರ) ಎಳೆಯಿತು. ತಿರುಗುವಾಗ ವಿಂಗ್ ಜಾಸ್ತಿ ಇಳಿಯುತ್ತದೆ. ಓರೆಯಾಗಿ ಬಂದು ಒಂದೇ ಕಾಲಿನ ಮೇಲೆ ಬಿದ್ದೆ. ಆರು ವಾರ ಪ್ಲಾಸ್ಟರ್. ಹಾರ್ನೆಸ್ಸಿನ (ಕೂರೋ ಪಟ್ಟಿ-ಸೀಟು) ತಪ್ಪಿಲ್ಲ, ಕಲಿಸಿದವರ ತಪ್ಪಿಲ್ಲ.

ಕಾಫಿಕಣ | ಆಗಸ್ಟ್ 12, ಸಂಜೆ 5:00

ಮಗಳೇ, ಈಗ ಕಾಲು ಹೇಗಿದೆ?

ಬೆಟ್ಟದಕ್ಕ | ಆಗಸ್ಟ್ 12, ಸಂಜೆ 5:04

ಮಳೆ ಬರೋ ಹಿಂದಿನ ದಿನ ಹೇಳುತ್ತದೆ ಆಂಟಿ. ಹವಾಮಾನ ಇಲಾಖೆ ಬೇಡ.

ಜೀಪ್ 4×4 | ಆಗಸ್ಟ್ 20, ಸಂಜೆ 6:30

ಮಾಂದಲ್‌ಪಟ್ಟಿಗೆ ದಿನಾ ಪ್ರವಾಸಿಗರನ್ನು ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಹುಲ್ಲುಗಾವಲು, ಮರ ಇಲ್ಲ, ಗಾಳಿಯಂತೂ ಟೋಪಿ ಹಾರಿಸೋ ಹಾಗೆ. ಅಲ್ಲಿಂದ ಹಾರಿದರೆ ಆಗಲ್ವಾ? ನಾನೇ ಜೀಪಿನಲ್ಲಿ ಬಿಡುತ್ತೇನೆ, ಬಾಡಿಗೆ ಬೇಡ.

ಗಾಳಿಮಾತು | ಆಗಸ್ಟ್ 20, ರಾತ್ರಿ 8:45

ಒಳ್ಳೇ ಮನಸ್ಸು ಅಣ್ಣ. ಆದರೆ ಮೂರು ತೊಡಕು.

ಒಂದು, ಅದು ಅರಣ್ಯ. ತಡಿಯಂಡಮೋಳ್ ದಾರಿಯೂ ಅರಣ್ಯ. 1,748 ಮೀಟರ್, ಜಿಲ್ಲೆಗೇ ಎತ್ತರ, ಅಲ್ಲಿ ನಿಂತರೆ ನನಗೂ ಕೈ ತುರಿಸುತ್ತದೆ. ಆದರೆ ಇಲಾಖೆಯ ಅನುಮತಿ ಇಲ್ಲದೆ ಹಾರಿದರೆ ಕೇಸು. ಅದಕ್ಕಿಂತ ಹೆಚ್ಚಾಗಿ, ಅಲ್ಲಿಂದ ಹಾರಿ ದಾರಿ ತಪ್ಪಿದರೆ ಇಳಿಯೋದು ಕಾಡಿನೊಳಗೆ. ಹುಡುಕೋಕೆ ಬರೋರು ಬೆಳಿಗ್ಗೆ ಬರುತ್ತಾರೆ. ರಾತ್ರಿ ಯಾರು ಬರುತ್ತಾರೆ ಅಂತ ನಿಮಗೇ ಗೊತ್ತು. ಕೋಟೆಬೆಟ್ಟದ ಮೇಲೆ ಈಶ್ವರನ ಗುಡಿ ಇದೆ, ಊರವರನ್ನು ಕೇಳದೆ ಅಲ್ಲಿ ಬಟ್ಟೆ ಹರಡೋದೂ ಸರಿಯಲ್ಲ.

ಎರಡು, ಟೋಪಿ ಹಾರಿಸೋ ಗಾಳಿ ನಮಗೆ ಬೇಡ. ಕಲಿಯೋರಿಗೆ ಗಂಟೆಗೆ 15 ಕಿ.ಮೀ. ಆಸುಪಾಸು ಸಾಕು, ಅದೂ ಒಂದೇ ಸಮ ಬೀಸಬೇಕು. ವಿಂಗಿನ ವೇಗವೇ 36. ಗಾಳಿ 36 ಆದರೆ ಆಕಾಶದಲ್ಲಿ ನಿಂತಲ್ಲೇ ನಿಲ್ಲುತ್ತೀರಿ. 40 ಆದರೆ ಮುಖ ಮುಂದಕ್ಕೆ, ಪ್ರಯಾಣ ಹಿಂದಕ್ಕೆ, ಬೆಟ್ಟದ ಆಚೆ ಬದಿಗೆ.

ಮೂರನೆಯದು ಆ ಆಚೆ ಬದಿ. ಹೊಳೆಯಲ್ಲಿ ಬಂಡೆ ನೋಡಿದ್ದೀರಲ್ಲ? ನೀರು ಬಂಡೆಗೆ ಬಡಿಯೋ ಕಡೆ ಏರಿ ಬರುತ್ತದೆ. ಬಂಡೆಯ ಹಿಂದೆ ಸುಳಿ. ಗಾಳಿಯೂ ಅಷ್ಟೇ. ಬೆಟ್ಟಕ್ಕೆ ಬಡಿಯೋ ಕಡೆ ನಮ್ಮನ್ನು ಎತ್ತುತ್ತದೆ. ಹಿಂದಿನ ಬದಿಯಲ್ಲಿ ಸುಳಿ, ಅದಕ್ಕೆ ರೋಟರ್ ಅನ್ನುತ್ತಾರೆ. ಅದರೊಳಗೆ ಹೋದರೆ ವಿಂಗ್ ಒದ್ದೆ ಬಟ್ಟೆ ಹಿಂಡಿದ ಹಾಗೆ ಮಡಚಿಕೊಳ್ಳುತ್ತದೆ. ಮೋಸ ಎಲ್ಲಿದೆ ಅಂದರೆ, ಸುಳಿಯಲ್ಲಿ ಗಾಳಿ ತಿರುಗಿ ಮೇಲಕ್ಕೂ ಬರುತ್ತದೆ. ಚಳಿಗಾಲದ ಬೆಳಿಗ್ಗೆ ಮೂಡಣ ಗಾಳಿ ಬೆಟ್ಟ ದಾಟಿ ಬರುತ್ತಿರುವಾಗ ನೀವು ಪಡುವಣ ಇಳಿಜಾರಿನಲ್ಲಿ ನಿಂತಿದ್ದರೆ, ಮುಖಕ್ಕೆ ತಂಪಾದ ಸಣ್ಣ ಗಾಳಿ ಬಡಿಯಬಹುದು. ಆಹಾ, ಹೊರಡೋಕೆ ಸರಿಯಾಗಿದೆ ಅನಿಸುತ್ತದೆ. ಅದು ಸುಳಿಯ ಬಾಲ. ತಲೆ ಎತ್ತಿ ಮೇಲಿನ ಮೋಡ ಯಾವ ಕಡೆ ಓಡುತ್ತಿದೆ ಅಂತ ನೋಡಿದವನು ಬ್ಯಾಗ್ ಬಿಚ್ಚಲ್ಲ.

ಜೀಪ್ 4×4 | ಆಗಸ್ಟ್ 20, ರಾತ್ರಿ 9:10

ಹಾಗಾದರೆ ಮೇಲಕ್ಕೆ ಎತ್ತೋ ಗಾಳಿ ಎಲ್ಲಿ ಸಿಗುತ್ತದೆ ಅಂತ ಗೊತ್ತಾಗೋದು ಹೇಗೆ? ನಾನು ಗಮನಿಸಿದ್ದು ಒಂದಿದೆ. 2018ರಲ್ಲಿ ಬೆಟ್ಟ ಜರಿದು ಕೆಂಪು ಮಣ್ಣು ಕಾಣೋ ಜಾಗ ಇದೆಯಲ್ಲ, ಬೇಸಿಗೆಯಲ್ಲಿ ಹನ್ನೊಂದು ಗಂಟೆ ಮೇಲೆ ಅದರ ಮೇಲೇ ಹದ್ದುಗಳು ಸುತ್ತುತ್ತಿರುತ್ತವೆ. ರೆಕ್ಕೆ ಬಡಿಯೋದೇ ಇಲ್ಲ.

ಗಾಳಿಮಾತು | ಆಗಸ್ಟ್ 20, ರಾತ್ರಿ 9:22

ಸರಿಯಾಗಿ ನೋಡಿದ್ದೀರಿ. ಬರಿ ಮಣ್ಣು ಕಾಡಿಗಿಂತ ಬೇಗ ಕಾಯುತ್ತದೆ. ಅದರ ಮೇಲಿನ ಗಾಳಿ ಬಿಸಿಯಾಗಿ ಹಗುರಾಗಿ ಗುಳ್ಳೆಯ ಹಾಗೆ ಏಳುತ್ತದೆ. ಅದೇ ಥರ್ಮಲ್. ಹದ್ದು ಅದರೊಳಗೆ ಸುತ್ತುತ್ತಾ ಏರುತ್ತದೆ, ನಾವು ಹದ್ದನ್ನು ನೋಡಿ ಅಲ್ಲಿಗೆ ಹೋಗುತ್ತೇವೆ.

ಹಟ್ಟಿಹೊಳೆ | ಆಗಸ್ಟ್ 20, ರಾತ್ರಿ 11:48

ಅಂಥ ಒಂದು ಕೆಂಪು ಜಾಗದಲ್ಲಿ ನಮ್ಮ ದೊಡ್ಡಪ್ಪನ ಮನೆ ಇತ್ತು. ಆಗಸ್ಟ್ ತಿಂಗಳಲ್ಲಿ ಅದರ ಬಗ್ಗೆ ಓದೋಕೆ ಆಗಲ್ಲ. ಬೇಜಾರಿಲ್ಲ, ಸುಮ್ನೆ ಹೇಳಿದೆ. ಹದ್ದು ಸುತ್ತೋದನ್ನು ನಾನೂ ನೋಡಿದ್ದೇನೆ.

ಜೀಪ್ 4×4 | ಆಗಸ್ಟ್ 21, ಬೆಳಿಗ್ಗೆ 6:15

ತಪ್ಪಾಯ್ತು ಅಣ್ಣ. ಯೋಚನೆ ಮಾಡದೆ ಬರೆದೆ.

ಹಟ್ಟಿಹೊಳೆ | ಆಗಸ್ಟ್ 21, ಬೆಳಿಗ್ಗೆ 8:02

ಅಳಿಸಬೇಡಿ. ಇರಲಿ.

ಮಳೆಗಾಲದಹಕ್ಕಿ | ನವೆಂಬರ್ 16, ರಾತ್ರಿ 9:30

ಕಾಮ್ಶೇತ್‌ನಿಂದ ಬರೆಯುತ್ತಿದ್ದೇನೆ! ಅರೇಬಿಕಾ ಹಣ್ಣು ಕೊಯ್ಲು ಶುರುವಾಗೋ ಮೊದಲು ಓಡಿ ಬಂದೆ. ತಮ್ಮನಿಗೆ ತೋಟ ಒಪ್ಪಿಸಿದ್ದೇನೆ, ದಿನಕ್ಕೆ ಮೂರು ಸಲ ಫೋನ್ ಮಾಡಿ ಬೈಯುತ್ತಾನೆ.

ಇವತ್ತು ಮೂರನೇ ದಿನ. ಇನ್ನೂ ನೆಲ ಬಿಟ್ಟಿಲ್ಲ, ಆದರೆ ಮೈಯೆಲ್ಲ ನೋವು. ಗ್ರೌಂಡ್ ಹ್ಯಾಂಡ್ಲಿಂಗ್ ಅಂದರೆ ವಿಂಗನ್ನು ನೆಲದ ಮೇಲೆ ನಿಂತೇ ಆಡಿಸೋದು. ಬಟ್ಟೆ ಹಿಂದೆ ಹರಡಿಕೊಂಡು, ನಾವು ಅದರ ಕಡೆ ಮುಖ ಮಾಡಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಮುಂದಿನ ರೈಸರ್ (ದಾರಗಳನ್ನು ಹಾರ್ನೆಸ್ಸಿಗೆ ಸೇರಿಸೋ ಪಟ್ಟಿ) ಮೆಲ್ಲಗೆ ಎತ್ತಿದರೆ ಬಟ್ಟೆಯ ಮುಂದಿನ ಬಾಯಿಗಳಿಗೆಲ್ಲ ಗಾಳಿ ತುಂಬಿ, ಸರ್ ಅಂತ ಸದ್ದು ಮಾಡಿ ಎದ್ದು ತಲೆ ಮೇಲೆ ಬರುತ್ತದೆ. ಬಂದದ್ದು ಅಲ್ಲೇ ನಿಲ್ಲಲ್ಲ, ಮುಂದಕ್ಕೆ ನುಗ್ಗುತ್ತದೆ. ಸರಿಯಾದ ಹೊತ್ತಿಗೆ ಬ್ರೇಕ್ ಮುಟ್ಟಬೇಕು. ಮುಟ್ಟಬೇಕು ಅಷ್ಟೇ. ಎಳೆದರೆ ಹಿಂದಕ್ಕೆ ಬಿದ್ದು ನಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ಮೊದಲ ದಿನ ನಾನು ಹುಲ್ಲಿನ ಮೇಲೆ ಕೂತೇ ಹತ್ತು ಮಾರು ಹೋದೆ. ಹೊಸ ಕರುವಿಗೆ ಹಗ್ಗ ಹಾಕಿದ ದಿನ ನೆನಪಾಯ್ತು. ಕರುವಿಗೆ ನಮ್ಮ ಬಗ್ಗೆ ಸ್ವಲ್ಪವಾದರೂ ಭಯ ಇರುತ್ತದೆ.

ತಲೆಗೆ ಹತ್ತದೇ ಇದ್ದದ್ದು ಒಂದು. ವಿಂಗ್ ಬಲಗಡೆ ವಾಲಿದರೆ ಕಾಲು ತಾನಾಗಿ ಎಡಕ್ಕೆ ಹೋಗುತ್ತದೆ, ಹಗ್ಗ ಜಗ್ಗೋರ ಹಾಗೆ. ತಪ್ಪು. ಅದು ಬಲಕ್ಕೆ ಬಿದ್ದರೆ ನಾವೂ ಬಲಕ್ಕೇ ಓಡಿ ಅದರ ಕೆಳಗೆ ಹೋಗಿ ನಿಲ್ಲಬೇಕು. ಎರಡು ದಿನ ಹೇಳಿಸಿಕೊಂಡೆ. ಇವತ್ತು ಸಂಜೆ ಯಾರೂ ಹೇಳದೆ ಕಾಲು ಬಲಕ್ಕೆ ಹೋಯ್ತು, ವಿಂಗ್ ನಿಂತಿತು. ಸುಮಾರು ಒಂದು ನಿಮಿಷ ತಲೆ ಮೇಲೆ ಹಾಗೇ ನಿಂತಿತ್ತು. ದಾರಗಳು ಸಣ್ಣಗೆ ಗುಂಯ್ ಅನ್ನುತ್ತಿದ್ದವು.

ಬೆಟ್ಟದಕ್ಕ | ನವೆಂಬರ್ 16, ರಾತ್ರಿ 9:55

ಗುಂಯ್ ಕೇಳಿಸಿತಲ್ಲ, ಇನ್ನು ನೀವು ಮನೆಯವರ ಕೈಗೆ ಸಿಗಲ್ಲ. ಕಣಕಾಲು ಮುಚ್ಚೋ ಎತ್ತರದ ಶೂ ಹಾಕಿದ್ದೀರಾ?

ಮಳೆಗಾಲದಹಕ್ಕಿ | ನವೆಂಬರ್ 16, ರಾತ್ರಿ 9:58

ಹಾಕಿದ್ದೇನೆ ಅಕ್ಕ. ನಿಮ್ಮ ಕಾಲು ನೆನೆಸಿಕೊಂಡೇ ಕೊಂಡೆ.

ಮಳೆಗಾಲದಹಕ್ಕಿ | ನವೆಂಬರ್ 20, ಸಂಜೆ 7:15

ಹಾರಿದೆ.

ಉದ್ದ ಬರೆಯೋಣ ಅಂದುಕೊಂಡಿದ್ದೆ, ಆಗುತ್ತಿಲ್ಲ. ಸಣ್ಣ ಗುಡ್ಡ. ಓಡು ಓಡು ಅಂತ ರೇಡಿಯೋದಲ್ಲಿ ಕೂಗುತ್ತಿದ್ದರು. ಓಡುತ್ತಲೇ ಇದ್ದೆ, ಕಾಲಿನ ಕೆಳಗೆ ನೆಲ ಇರಲಿಲ್ಲ, ಆದರೂ ಓಡುತ್ತಿದ್ದೆನಂತೆ. ನೋಡಿದವರೆಲ್ಲ ನಕ್ಕರು. ಒಂದೂವರೆ ನಿಮಿಷ ಇರಬಹುದು. ದೂರದಲ್ಲಿ ಪವನಾ ಜಲಾಶಯದ ನೀರು ಹೊಳೆಯುತ್ತಿತ್ತು. ಅದನ್ನು ನೋಡಿದ್ದು ಒಂದೇ ಕ್ಷಣ. ಉಳಿದ ಹೊತ್ತೆಲ್ಲ ಕೆಳಗಿನ ಬಯಲು ನೋಡುತ್ತಿದ್ದೆ, ಎಲ್ಲಿ ಇಳಿಯೋದು ಅಂತ. ಅಜ್ಜಿ, ನಿಮ್ಮ ದನಿಯೇ ಕೇಳಿಸುತ್ತಿತ್ತು.

ಕಾಫಿಕಣ | ನವೆಂಬರ್ 20, ರಾತ್ರಿ 8:00

ಇಳಿದೆಯಲ್ಲ. ಊಟ ಮಾಡು.

ಮಳೆಗಾಲದಹಕ್ಕಿ | ಡಿಸೆಂಬರ್ 22, ರಾತ್ರಿ 8:40

ಮನೆಗೆ ಬಂದು ತಿಂಗಳಾಯ್ತು. ಗಾಳಿಮಾತು ಅಣ್ಣನ ಗೆಳೆಯರೊಬ್ಬರಿಂದ ಪರೀಕ್ಷೆ ಮಾಡಿಸಿದ ಇಎನ್-ಎ ವಿಂಗ್ ಸಿಕ್ಕಿತು. ಹೊಸದಾದರೆ ವಿಂಗ್, ಹಾರ್ನೆಸ್, ರಿಸರ್ವ್ ಎಲ್ಲ ಸೇರಿ ಕೆಲವು ಲಕ್ಷ. ಈ ವರ್ಷದ ಮೆಣಸಿಗೆ ಅಷ್ಟು ಹೊರೋ ಶಕ್ತಿ ಇಲ್ಲ. ಅಂಗಳದಲ್ಲಿ ಬಿಚ್ಚಿದಾಗ ಅಮ್ಮ ‘ಕಾಫಿ ಒಣಹಾಕೋಕೆ ಇಷ್ಟು ಬಣ್ಣದ ಟಾರ್ಪಾಲಾ?’ ಅಂದರು. ಇಲ್ಲಮ್ಮ ಅಂದೆ. ಬೆಲೆ ಹೇಳಿಲ್ಲ.

ಪುತ್ತರಿ ಹಬ್ಬ ಮುಗಿದು ಕೊಯ್ಲಾದ ಗದ್ದೆಯಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಮಾಡೋಣ ಅಂತ ಹೋದೆ. ಎರಡು ಕಷ್ಟ. ಕೂಳೆ. ಕೊಯ್ದ ಭತ್ತದ ಬುಡ ಗಟ್ಟಿಯಾಗಿ ನಿಂತಿರುತ್ತದೆ, ದಾರಗಳೆಲ್ಲ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಹತ್ತು ನಿಮಿಷ ಆಡಿಸಿದರೆ ಅರ್ಧ ಗಂಟೆ ಬಿಡಿಸೋದು. ಇನ್ನೊಂದು, ಗದ್ದೆಯ ಅಂಚಿನಲ್ಲಿ ಸಿಲ್ವರ್ ಓಕ್ ಸಾಲು. ಗಾಳಿ ಅದನ್ನು ದಾಟಿ ಬರುವಾಗ ಹರಿದು ಚಿಂದಿಯಾಗಿರುತ್ತದೆ. ವಿಂಗ್ ಒಮ್ಮೆ ಎದ್ದು ನಿಲ್ಲುತ್ತದೆ, ಮರುಕ್ಷಣ ಹೆಗಲ ಮೇಲೆ ಬೀಳುತ್ತದೆ.

ಗಾಳಿಮಾತು | ಡಿಸೆಂಬರ್ 22, ರಾತ್ರಿ 9:05

ಮರಕ್ಕೆ ಹತ್ತಿರ ನಿಲ್ಲಬೇಡಿ, ಗಾಳಿ ಕೆಡೋದು ಮರದೆತ್ತರದ ಹಲವು ಪಟ್ಟು ದೂರದವರೆಗೆ. ನಿಮ್ಮೂರಲ್ಲಿ ಹಾಕಿ ಮೈದಾನ ಇಲ್ವಾ? ಕೊಡಗಿನಲ್ಲಿ ಹಾಕಿ ಮೈದಾನ ಇಲ್ಲದ ಊರು ಯಾವುದು? ಹುಡುಗರು ಬರೋ ಮೊದಲು ಹೋಗಿ.

ಬಟ್ಟೆ ಇಡೋ ಜಾಗದ ಬಗ್ಗೆ ಎಚ್ಚರ. ಗೊಬ್ಬರ, ಔಷಧಿ ಇಡೋ ಗೋಡೌನಿನಲ್ಲಿ ಬೇಡ, ಇಲಿ ಬೇರೆ. ನಮ್ಮ ಮಳೆಗಾಲಕ್ಕೆ ಬೀರುವಿನೊಳಗಿನ ಶೂಗೇ ಬೂಸ್ಟು ಬರುತ್ತದೆ, ನೆನಪಿರಲಿ. ಒದ್ದೆ ಬಟ್ಟೆ ಮಡಚಿಡಲೇಬಾರದು, ಒಣಗಿಸೋದೂ ನೆರಳಲ್ಲೇ.

ಕಾಫಿಕಣ | ಡಿಸೆಂಬರ್ 23, ಬೆಳಿಗ್ಗೆ 10:20

ನಮ್ಮ ಗದ್ದೆಗೆ ಬಾ. ಕಂಬ ಇಲ್ಲ. ಕೂಳೆಯ ಮೇಲೆ ದನ ಮೇಯಿಸಿ ಆಗಿದೆ, ಬೇಕಾದರೆ ಒಂದು ಸಲ ಟಿಲ್ಲರ್ ಹೊಡೆಸುತ್ತೇನೆ. ಮರ ಇರೋದು ಒಂದು ಕಡೆ ಮಾತ್ರ. ಆದರೆ ಬೆಳಿಗ್ಗೆ ಒಂಬತ್ತರ ಮೇಲೆ ಬಾ. ರಾತ್ರಿ ಆನೆ ಬಂದಿದ್ದರೆ ವಾಪಸ್ ಹೋಗೋಕೆ ಸ್ವಲ್ಪ ಹೊತ್ತು ಬೇಕಲ್ಲ ಅದಕ್ಕೆ.

ಲೈನ್‌ಮನ್ ನಿವೃತ್ತ | ಡಿಸೆಂಬರ್ 23, ಮಧ್ಯಾಹ್ನ 1:00

ಆ ಗದ್ದೆ ನನಗೆ ಗೊತ್ತಿರೋ ಕಡೆಯೇ ಇರಬೇಕು. ಹೊಳೆ ಬದಿಗೆ ಒಂದು ಪಂಪ್‌ಸೆಟ್ ಲೈನ್ ಇತ್ತು. ಈಗಲೂ ಇದೆಯಾ ನೋಡಿ.

ಕಾಫಿಕಣ | ಡಿಸೆಂಬರ್ 23, ಮಧ್ಯಾಹ್ನ 1:30

ಹೌದು ಮಾರಾಯ್ರೆ, ಇದೆ! ನಲವತ್ತು ವರ್ಷದಿಂದ ದಿನಾ ನೋಡಿ ನೋಡಿ ಕಣ್ಣಿಗೇ ಬೀಳುತ್ತಿರಲಿಲ್ಲ. ಆ ಕಡೆ ಹೋಗಬೇಡ ಅಂತ ಹಗ್ಗ ಕಟ್ಟಿಸುತ್ತೇನೆ.

ಮಳೆಗಾಲದಹಕ್ಕಿ | ಫೆಬ್ರವರಿ 3, ರಾತ್ರಿ 7:50

ಐದು ಭಾನುವಾರ ಆಯ್ತು. ಅಜ್ಜಿ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ. ಮೊದಲೆರಡು ವಾರ ಸುಮ್ಮನೆ ನೋಡುತ್ತಿದ್ದರು. ಮೂರನೇ ವಾರ ‘ಈಗ ಎತ್ತಬೇಡ, ತಾಳು’ ಅಂದರು. ನಾನು ಎತ್ತಿದೆ. ಒಂದು ಬೀಸು ಬಂದು ನನ್ನನ್ನು ಬದುವಿನ ತನಕ ಎಳೆದುಕೊಂಡು ಹೋಯ್ತು. ಹೇಗೆ ಗೊತ್ತಾಯ್ತು ಅಂತ ಕೇಳಿದೆ. ಸಿಲ್ವರ್ ಓಕ್ ತೋರಿಸಿದರು. ಆ ಎಲೆ ಮೇಲೆ ಹಸಿರು, ಅಡಿಯಲ್ಲಿ ಬೆಳ್ಳಿ. ಗಾಳಿ ಬಂದರೆ ಮಗುಚಿಕೊಂಡು ಮರವೇ ಬೆಳ್ಳಗಾಗುತ್ತದೆ. ಗುಡ್ಡದ ಮೇಲಿನ ಮರ ಮೊದಲು ಬೆಳ್ಳಗಾಯ್ತು ಅಂದರೆ ನಮ್ಮ ಹತ್ತಿರ ಬರೋಕೆ ಹತ್ತು ಎಣಿಸೋವಷ್ಟು ಹೊತ್ತು. ಐದು ಸಾವಿರ ಕೊಟ್ಟು ಗಾಳಿ ಅಳೆಯೋ ಮೀಟರ್ ತಗೊಂಡಿದ್ದೆ. ಅದು ನಾನು ನಿಂತ ಜಾಗದ ಗಾಳಿ ಮಾತ್ರ ಹೇಳುತ್ತದೆ.

ಬೆಟ್ಟದಕ್ಕ | ಫೆಬ್ರವರಿ 3, ರಾತ್ರಿ 8:10

ಆಂಟಿಗೆ ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟ್ ಕೊಡಿ. ಮತ್ತೆ ಹಾರೋದು ಯಾವಾಗ?

ಮಳೆಗಾಲದಹಕ್ಕಿ | ಫೆಬ್ರವರಿ 3, ರಾತ್ರಿ 8:25

ರೊಬಸ್ಟಾ ಕೊಯ್ಲು, ಮೆಣಸು ಎಲ್ಲ ಮುಗಿಸಿ ಮಾರ್ಚ್ ಕೊನೆಗೆ ಮತ್ತೆ ಕಾಮ್ಶೇತ್. ಎರಡನೇ ಹಂತ. ಅಲ್ಲಿಂದ ಬಂದ ಮೇಲೆ ಏಪ್ರಿಲ್‌ನಲ್ಲಿ ಇಲ್ಲೇ ಎಲ್ಲಾದರೂ ಸಣ್ಣ ಗುಡ್ಡದಲ್ಲಿ, ಅಣ್ಣ ಬಂದಾಗ, ಅವರ ಎದುರಿಗೆ?

ಗಾಳಿಮಾತು | ಫೆಬ್ರವರಿ 3, ರಾತ್ರಿ 9:30

ಏಪ್ರಿಲ್ ಬೇಡ. ಕಾಫಿ ಹೂ ಅರಳಿಸೋ ಹೂಮಳೆ ತಿಂಗಳು. ತೋಟದವರಿಗೆ ಮಧ್ಯಾಹ್ನ ಮೂಡೋ ಕರಿಮೋಡ ಲಕ್ಷ್ಮಿ ಬಂದ ಹಾಗೆ. ನಮಗೆ ಅದು ಯಮ. ಗುಡುಗಿನ ಮೋಡ ಬೆಳೆಯುವಾಗ ಸುತ್ತಲಿನ ಗಾಳಿಯನ್ನೆಲ್ಲ ಕೆಳಗಿನಿಂದ ಹೀರಿಕೊಳ್ಳುತ್ತದೆ, ಜೊತೆಗೆ ನಮ್ಮನ್ನೂ. 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮನಿಲಾ ಅನ್ನೋ ಊರಲ್ಲಿ ಎವಾ ವಿಶ್ನಿಯೆರ್ಸ್ಕಾ ಅನ್ನೋ ಪೈಲಟ್‌ನ್ನು ಇಂಥದೇ ಮೋಡ 9,946 ಮೀಟರ್ ತನಕ ಎಳೆದುಕೊಂಡು ಹೋಯ್ತು. ಎವರೆಸ್ಟಿಗಿಂತ ಒಂದು ಕಿ.ಮೀ. ಮೇಲೆ. ಮೈಮೇಲೆ ಮಂಜುಗಡ್ಡೆ, ಪ್ರಜ್ಞೆ ಇಲ್ಲ. ಅರ್ಧ ಗಂಟೆಗೂ ಹೆಚ್ಚು ಹೊತ್ತು ವಿಂಗ್ ತಾನೇ ಹಾರುತ್ತಿತ್ತು. ಆಕೆ ಬದುಕಿ ಇಳಿದರು. ಅದೇ ದಿನ ಅದೇ ಮೋಡಕ್ಕೆ ಸಿಕ್ಕ ಚೀನಾದ ಪೈಲಟ್ ಬದುಕಲಿಲ್ಲ. ಆಕೆ ವಿಶ್ವಮಟ್ಟದಲ್ಲಿ ಹಾರುತ್ತಿದ್ದವರು. ನೀವು ಒಂದೂವರೆ ನಿಮಿಷದವರು. ಮಾರ್ಚ್‌ನಲ್ಲೂ ಮಧ್ಯಾಹ್ನದ ಮೇಲೆ ಬ್ಯಾಗ್ ಕಟ್ಟಿಡಿ.

ಮುಂದಿನ ನವೆಂಬರ್‌ಗೆ ಊರಿಗೆ ಬರುತ್ತೇನೆ. ಆವಾಗ ಇಬ್ಬರೂ ಸೇರಿ ಮೊದಲು ನಡೆದುಕೊಂಡು ಜಾಗ ನೋಡೋಣ. ಕೆಳಗಿನಿಂದ ಮೇಲಕ್ಕೆ. ಇಳಿಯೋ ಜಾಗ ಸಿಕ್ಕಿ, ಅದರ ಯಜಮಾನರು ಹೂಂ ಅಂದರೆ ಆಮೇಲೆ ಬೆಟ್ಟ.

ಹಟ್ಟಿಹೊಳೆ | ಫೆಬ್ರವರಿ 4, ಬೆಳಿಗ್ಗೆ 7:00

ಜಾಗ ನೋಡೋಕೆ ಹೋಗುವಾಗ ನನ್ನನ್ನೂ ಕರೆಯಿರಿ. ಆ ಕಡೆಯ ಕೊಲ್ಲಿ, ಬರೆ ಎಲ್ಲ ನನಗೆ ಗೊತ್ತು. ಯಾವುದು ಗಟ್ಟಿ ನೆಲ, ಯಾವುದು ಅಲ್ಲ ಅಂತಲೂ.

ಮಳೆಗಾಲದಹಕ್ಕಿ | ಫೆಬ್ರವರಿ 8, ಸಂಜೆ 6:10

ಖಂಡಿತಾ ಅಣ್ಣ, ನಿಮ್ಮನ್ನು ಬಿಟ್ಟು ಹೋಗಲ್ಲ. ಅಜ್ಜಿ, ನಾಳೆ ಬರಲಾ? ಇಲ್ಲಿ ಗಾಳಿ ಇಲ್ಲವೇ ಇಲ್ಲ.

ಕಾಫಿಕಣ | ಫೆಬ್ರವರಿ 8, ಸಂಜೆ 6:22

ಇಲ್ಲಿ ಮಧ್ಯಾಹ್ನದಿಂದ ಮರವೆಲ್ಲ ಬೆಳ್ಳಗೇ ಇದೆ, ಒಮ್ಮೆಯೂ ಹಸಿರಾಗಿಲ್ಲ. ಬಟ್ಟೆ ತರಬೇಡ. ನೀನು ಮಾತ್ರ ಬಾ, ಮೆಣಸು ಕೊಯ್ಯೋಕೆ ಜನ ಸಿಗುತ್ತಿಲ್ಲ. ಏಣಿ ಬಿದಿರಿನದೇ ಇದೆ ಅಂತ ಲೈನ್‌ಮನ್‌ಗೆ ಹೇಳು.